ಬೋಲ್ಟಿನ ಬದಲು ಹಗ್ಗ: ಪುಟ್ಟ ಹಾಯಿದೋಣಿಯೊಂದರ ವಿನ್ಯಾಸದಲ್ಲಿ ಸಣ್ಣ ಉದ್ಯಮಕ್ಕೆ ಪಾಠ

ಉತ್ಪನ್ನದ ಬೆಲೆ ನಿರ್ಧಾರವಾಗುವುದು ಮಾರುಕಟ್ಟೆಯಲ್ಲಿ ಎಂಬುದು ವ್ಯಾಪಾರ ವಲಯದ ಸಾಮಾನ್ಯ ನಂಬಿಕೆ. ಆದರೆ ಅದರ ತಯಾರಿಕಾ ವೆಚ್ಚದ ಬಹುಪಾಲು ನಕ್ಷೆಯ ಹಲಗೆಯ ಮೇಲೆಯೇ ನಿಶ್ಚಿತವಾಗಿಬಿಟ್ಟಿರುತ್ತದೆ. ಯಾವ ಬಿಡಿಭಾಗ ಬೇಕು, ಅದನ್ನು ಯಾರಿಂದ ತರಿಸಬೇಕು, ಜೋಡಣೆಗೆ ಎಂತಹ ಯಂತ್ರ ಬೇಕು, ಕೆಟ್ಟಾಗ ದುರಸ್ತಿ ಯಾರ ಕೈಯಲ್ಲಿ ಆಗಬೇಕು ಎಂಬ ನಿರ್ಧಾರಗಳೆಲ್ಲವೂ ವಿನ್ಯಾಸದ ಹಂತದಲ್ಲೇ ಆಗಿಹೋಗುತ್ತವೆ. ಆ ಬಳಿಕ ಖರೀದಿ ವಿಭಾಗವು ಎಷ್ಟೇ ಚೌಕಾಸಿ ಮಾಡಿದರೂ ಉಳಿಯುವುದು ಅಲ್ಪಸ್ವಲ್ಪ ಮಾತ್ರ. ಸಣ್ಣ ಉದ್ದಿಮೆದಾರರು ಈ ಸತ್ಯವನ್ನು ಅರಿಯದೆ, ದೊಡ್ಡ ಸಂಸ್ಥೆಗಳ ಉತ್ಪನ್ನವನ್ನು ಭಾಗಭಾಗವಾಗಿ ಅನುಕರಿಸಿ, ಕೊನೆಗೆ ಅವುಗಳೊಡನೆ ಬೆಲೆಯ ಪೈಪೋಟಿಗೆ ಇಳಿದು ಸೋಲುವ ಪ್ರಸಂಗಗಳು ಕಡಿಮೆಯಲ್ಲ.

ಈ ಮಾತಿಗೆ ದೂರದ ಕಡಲಿನಿಂದ ಒಂದು ನಿದರ್ಶನ ದೊರೆಯುತ್ತದೆ. 1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ವಿನ್ಯಾಸಕಾರ ಜೇಮ್ಸ್ ವಾರಮ್ ಮತ್ತು ಅವರ ಸಹವಿನ್ಯಾಸಕಿ ಹನ್ನೆಕೆ ಬೂನ್ 'ಟಿಕಿ 21' ಎಂಬ ಹಾಯಿದೋಣಿಯ ನಕ್ಷೆಯನ್ನು ಹೊರತಂದರು. ಇದು ಜೋಡಿ ಒಡಲಿನ ದೋಣಿ; ನೌಕಾ ಪರಿಭಾಷೆಯಲ್ಲಿ ಕ್ಯಾಟಮರಾನ್. ಉದ್ದ 21 ಅಡಿ, ಅಂದರೆ ಸುಮಾರು 6.4 ಮೀಟರ್. ಅಗಲ ಸುಮಾರು 12 ಅಡಿ. ಖಾಲಿ ದೋಣಿಯ ತೂಕ 400 ಕಿಲೋಗ್ರಾಂಗಿಂತ ಕಡಿಮೆ. ಬಿಚ್ಚಿದರೆ ಕಾರಿನ ಹಿಂದಿನ ಟ್ರೇಲರಿನಲ್ಲಿ ಸಾಗಿಸಬಹುದಾದಷ್ಟು ಚಿಕ್ಕದು. ಇಂತಹ ದೋಣಿಯೊಂದನ್ನು ಸ್ವತಃ ಕಟ್ಟಿಕೊಂಡ ಬ್ರಿಟನ್ನಿನ ರೋರಿ ಮ್ಯಾಕ್‌ಡೂಗಲ್ 1991ರಲ್ಲಿ ಹೊರಟು 1997ರಲ್ಲಿ ಭೂಪ್ರದಕ್ಷಿಣೆ ಮುಗಿಸಿ ಹಿಂದಿರುಗಿದರು.

ಇಷ್ಟು ಪುಟ್ಟ ದೋಣಿ ಸಾಗರಗಳನ್ನು ದಾಟಿದ್ದು ಸಾಹಸದ ಕಥೆಯಾಗಿ ಪ್ರಸಿದ್ಧವಾಗಿದೆ. ಉದ್ಯಮಿಗಳ ಗಮನಕ್ಕೆ ಯೋಗ್ಯವಾದುದು ಆ ಕಥೆಯ ಇನ್ನೊಂದು ಮುಖ. ದುಬಾರಿ ಭಾಗಗಳನ್ನು ಅಗ್ಗವಾಗಿ ಕೊಳ್ಳುವ ಯತ್ನವನ್ನು ಈ ವಿನ್ಯಾಸಕಾರರು ಮಾಡಲಿಲ್ಲ. ಅಂತಹ ಭಾಗಗಳ ಅಗತ್ಯವೇ ಬೀಳದಂತೆ ದೋಣಿಯನ್ನು ಕಲ್ಪಿಸಿದರು.

ಹೆಸರಿನ ಪಯಣ

ಕ್ಯಾಟಮರಾನ್ ಎಂಬ ಪದವು ತಮಿಳಿನ 'ಕಟ್ಟುಮರಂ' ಎಂಬುದರಿಂದ ಇಂಗ್ಲಿಷಿಗೆ ಹೋದದ್ದು. ಕಟ್ಟು, ಮರ ಎಂಬ ಎರಡೂ ಮಾತುಗಳು ಕನ್ನಡಿಗರಿಗೆ ಅಪರಿಚಿತವಲ್ಲ. ಕಟ್ಟಿದ ಮರ ಎಂದೇ ಅದರ ಅರ್ಥ. ಕೋರಮಂಡಲ ತೀರದ ಮೀನುಗಾರರು ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಡಲಿಗಿಳಿಸುತ್ತಿದ್ದ ತೆಪ್ಪವನ್ನು ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ 1697ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಈ ಹೆಸರಿನಿಂದಲೇ ಉಲ್ಲೇಖಿಸಿದ್ದಾನೆ. ಎರಡು ಒಡಲುಗಳ ನಡುವೆ ಅಂತರ ಬಿಟ್ಟು ತೊಲೆಗಳಿಂದ ಜೋಡಿಸುವ ದೋಣಿಯಾದರೋ ಪೆಸಿಫಿಕ್ ಸಾಗರದ ಪಾಲಿನೇಷ್ಯನ್ ಜನರ ಸೃಷ್ಟಿ. ಕಾಲಾನಂತರದಲ್ಲಿ ಭಾರತದ ತೀರದ ಹೆಸರು ಪೆಸಿಫಿಕ್ಕಿನ ದೋಣಿಗೆ ಅಂಟಿಕೊಂಡಿತು.

ಪಾಶ್ಚಾತ್ಯ ನೌಕಾವಲಯವು ಈ ಮಾದರಿಯನ್ನು ಬಹುಕಾಲ ಅನುಮಾನದಿಂದಲೇ ಕಂಡಿತು. ಅಮೆರಿಕದ ಹೆಸರಾಂತ ವಿನ್ಯಾಸಕಾರ ನಥಾನಿಯಲ್ ಹೆರ್ರೆಶಾಫ್ 1876ರಲ್ಲಿ ತನ್ನ 'ಅಮರಿಲ್ಲಿಸ್' ಎಂಬ ಕ್ಯಾಟಮರಾನನ್ನು ನ್ಯೂಯಾರ್ಕಿನ ಸ್ಪರ್ಧೆಯೊಂದಕ್ಕೆ ಇಳಿಸಿ ಉಳಿದ ದೋಣಿಗಳನ್ನು ಹಿಂದಿಕ್ಕಿದಾಗ, ಎದುರಾಳಿಗಳ ಆಕ್ಷೇಪಣೆಯಿಂದಾಗಿ ಅದು ಅನರ್ಹಗೊಂಡಿತು. 1877ರಲ್ಲಿ ಆತ ಅದಕ್ಕೆ ಪೇಟೆಂಟ್ ಪಡೆದ. ಅಲೆಗಳ ಮೇಲೆ ಎರಡು ಒಡಲುಗಳು ಬೇರೆಬೇರೆಯಾಗಿ ಏರಿಳಿಯುವುದರಿಂದ ಅವುಗಳ ನಡುವಿನ ಜೋಡಣೆಗೆ ತಿರುಚುವ ಬಲ ಬೀಳುತ್ತದೆ ಎಂಬುದನ್ನು ಹೆರ್ರೆಶಾಫ್ ಅರಿತಿದ್ದ. ಅದಕ್ಕೆ ಆತ ಕಂಡುಕೊಂಡ ಪರಿಹಾರ, ಎಲ್ಲ ದಿಕ್ಕಿಗೂ ಹೊರಳಬಲ್ಲ ಗುಂಡು-ಬಟ್ಟಲಿನ ಲೋಹದ ಕೀಲುಗಳು. ಉತ್ತಮ ಯಂತ್ರಾಗಾರವಿಲ್ಲದೆ ಅವನ್ನು ತಯಾರಿಸುವುದು ಸಾಧ್ಯವಿರಲಿಲ್ಲ.

ವಾರಮ್ ಅವರ ದಾರಿ ಬೇರೆ. 1928ರಲ್ಲಿ ಮ್ಯಾಂಚೆಸ್ಟರಿನಲ್ಲಿ ಜನಿಸಿದ ಅವರು, ಫ್ರಾನ್ಸಿನ ಎರಿಕ್ ದ ಬಿಷಪ್ 1937-38ರಲ್ಲಿ ಹವಾಯಿಯಿಂದ ಫ್ರಾನ್ಸಿಗೆ ಜೋಡಿ ಒಡಲಿನ ದೋಣಿಯಲ್ಲಿ ನಡೆಸಿದ ಯಾನದ ವೃತ್ತಾಂತದಿಂದ ಪ್ರಭಾವಿತರಾದರು. ಕೈಯಲ್ಲಿ ಹಣವಿರಲಿಲ್ಲ. ಇದ್ದ ಅಲ್ಪ ಸಾಧನಗಳಲ್ಲೇ 23 ಅಡಿ 6 ಅಂಗುಲದ 'ಟಂಗಾರೊವಾ' ಎಂಬ ದೋಣಿಯನ್ನು ಕಟ್ಟಿ, ಇಬ್ಬರು ಜರ್ಮನ್ ಮಹಿಳೆಯರೊಂದಿಗೆ 1955-56ರಲ್ಲಿ ಅಟ್ಲಾಂಟಿಕ್ ದಾಟಿ ಟ್ರಿನಿಡಾಡ್ ತಲುಪಿದರು. ಅಲ್ಲಿ 40 ಅಡಿಯ 'ರೊಂಗೊ' ದೋಣಿಯನ್ನು ಕಟ್ಟಿ 1959ರಲ್ಲಿ ಉತ್ತರ ಅಟ್ಲಾಂಟಿಕ್ಕನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟಿದರು. ಇಂತಹ ದೋಣಿಗಳು ಸಾಗರಯಾನಕ್ಕೆ ತಕ್ಕವಲ್ಲ ಎನ್ನುತ್ತಿದ್ದವರಿಗೆ ಈ ಎರಡು ಯಾನಗಳು ಉತ್ತರವಾದವು.

ತೊಲೆ ಮತ್ತು ಹಗ್ಗ

ಒಂದೇ ಒಡಲಿನ ಹಾಯಿದೋಣಿ ಮಗುಚದಿರಲು ಅದರ ತಳದಲ್ಲಿ ಸೀಸ ಅಥವಾ ಕಬ್ಬಿಣದ ಭಾರವಿರಬೇಕು. ದೋಣಿಯ ಒಟ್ಟು ತೂಕದಲ್ಲಿ ಮೂರನೆಯ ಒಂದು ಪಾಲು ಈ ಭಾರವೇ ಆಗಿರುವುದುಂಟು. ಕ್ಯಾಟಮರಾನ್ ಸ್ಥಿರವಾಗಿ ನಿಲ್ಲುವುದು ಅಗಲದಿಂದ. ಹೀಗಾಗಿ ಭಾರದ ಖರ್ಚು ಮೊದಲ ಹಂತದಲ್ಲೇ ತಪ್ಪುತ್ತದೆ.

ಎರಡನೆಯದು ಒಡಲಿನ ಆಕಾರ. ಟಿಕಿಯ ಒಡಲುಗಳ ಅಡ್ಡಕೊಯ್ತ ಇಂಗ್ಲಿಷಿನ 'ವಿ' ಅಕ್ಷರದಂತಿದೆ. ಗಾಳಿಗೆ ದೋಣಿ ಪಕ್ಕಕ್ಕೆ ಜಾರದಂತೆ ಈ ಆಕಾರವೇ ತಡೆಯುವುದರಿಂದ, ಕೆಳಗಿಳಿಸಿ ಮೇಲೆತ್ತುವ ಹಲಗೆಗಳಾಗಲಿ ಅವುಗಳ ಪೆಟ್ಟಿಗೆಗಳಾಗಲಿ ಬೇಕಾಗುವುದಿಲ್ಲ. ಮೊಣಕಾಲುದ್ದಕ್ಕಿಂತ ಕಡಿಮೆ ನೀರಿನಲ್ಲಿ ತೇಲುವ ದೋಣಿಯನ್ನು ಮರಳ ದಂಡೆಗೆ ನೇರವಾಗಿ ತರಬಹುದು. ಪ್ಲೈವುಡ್ ಹಾಳೆಗಳನ್ನು ನಕ್ಷೆಯಂತೆ ಕತ್ತರಿಸಿ, ಅಂಚುಗಳನ್ನು ತಂತಿಯಿಂದ ಹೊಲಿದು, ಒಳಮೂಲೆಗಳಿಗೆ ಎಪಾಕ್ಸಿ ಅಂಟಿನ ಹೂರಣ ತುಂಬಿ, ಮೇಲೆ ಗಾಜಿನ ನಾರಿನ ಬಟ್ಟೆ ಹಚ್ಚಿದರೆ ಒಡಲು ಸಿದ್ಧ. ಅಚ್ಚು ಬೇಡ. ಸಾಧಾರಣ ಬಡಗಿಯ ಉಪಕರಣಗಳು ಸಾಕು. ಭಾರತೀಯ ಮಾನಕ ಬ್ಯೂರೋದ ಐಎಸ್ 710 ಗುರುತುಳ್ಳ ಮರೈನ್ ಪ್ಲೈವುಡ್ಡನ್ನು ಮಾರುವ ಕರ್ನಾಟಕದ ವರ್ತಕರಿಗೆ ಈ ಕಚ್ಚಾವಸ್ತು ಹೊಸದೇನಲ್ಲ. ಇಲ್ಲಿ ಅದು ಹೆಚ್ಚಾಗಿ ಅಡುಗೆಮನೆಯ ಕಪಾಟಾಗುತ್ತದೆ ಎಂಬುದಷ್ಟೇ ವ್ಯತ್ಯಾಸ.

ಮೂರನೆಯದು ಜೋಡಣೆ. ಹೆರ್ರೆಶಾಫ್ ಲೋಹದ ಕೀಲಿನಿಂದ ಬಿಡಿಸಿದ ಸಮಸ್ಯೆಯನ್ನು ವಾರಮ್ ಹಗ್ಗದಿಂದ ಬಿಡಿಸಿದರು. ಅಡ್ಡತೊಲೆಗಳನ್ನು ಒಡಲಿಗೆ ಬೋಲ್ಟು ಹಾಕಿ ಬಿಗಿದರೆ ಅಲೆಯ ತಿರುಚು ಬಲವೆಲ್ಲ ಬೋಲ್ಟಿನ ರಂಧ್ರದ ಸುತ್ತಲಿನ ಅಂಗುಲದಷ್ಟು ಮರದ ಮೇಲೆ ಬೀಳುತ್ತದೆ. ಮರ ನಲುಗುತ್ತದೆ, ನೀರು ಇಳಿಯುತ್ತದೆ, ಒಳಗಿನ ಕೊಳೆತ ಹೊರಗೆ ಕಾಣುವುದಿಲ್ಲ. ಹಲವು ಸುತ್ತು ಸುತ್ತಿದ ಕೃತಕ ನೂಲಿನ ಹಗ್ಗವು ಬಲವನ್ನು ಎಲ್ಲ ಸುತ್ತುಗಳಿಗೂ ಹಂಚಿ, ತುಸು ಕೊಟ್ಟು, ಮತ್ತೆ ಹಿಡಿಯುತ್ತದೆ. ಸವೆದರೆ ಕಣ್ಣಿಗೆ ಕಾಣುತ್ತದೆ. ಬದಲಿಸಲು ಬೇಕಾದುದು ಇನ್ನೊಂದು ಹಗ್ಗ ಮತ್ತು ಅರ್ಧ ದಿನದ ದುಡಿಮೆ. ಚುಕ್ಕಾಣಿಗಳನ್ನೂ ಇದೇ ರೀತಿ ಹಗ್ಗದ ಹೊಲಿಗೆಯಿಂದಲೇ ಕೂರಿಸಲಾಗಿದೆ. ಹೀಗೆ ನೋಡಿದರೆ ಕಟ್ಟಿದ ಮರ ಎಂಬ ಹೆಸರು ಈ ದೋಣಿಗೆ ಅಕ್ಷರಶಃ ಒಪ್ಪುತ್ತದೆ.

ರೂಢಿಯಲ್ಲದ ಹಾಯಿ

ವಿನ್ಯಾಸದ ಅತ್ಯಂತ ವಿಶಿಷ್ಟ ಅಂಶ ಹಾಯಿಯ ಏರ್ಪಾಡು. ಇಂದು ಬಹುತೇಕ ವಿಹಾರ ದೋಣಿಗಳಲ್ಲಿ ಕಾಣುವುದು ಬರ್ಮುಡಾ ಮಾದರಿ: ಎತ್ತರದ ಕೂವೆಕಂಬ, ತ್ರಿಕೋನಾಕಾರದ ಹಾಯಿ, ಹಾಯಿಯ ಕೆಳ ಅಂಚನ್ನು ಹಿಡಿದಿರುವ ಅಡ್ಡದಂಡ, ಕಂಬದ ಉದ್ದಕ್ಕೂ ಹಾಯಿ ಜಾರುವ ಲೋಹದ ಹಳಿ. 12 ಮೀಟರ್ ಉದ್ದದ ಆಧುನಿಕ ಕ್ಯಾಟಮರಾನಿನ ಕಂಬವು ನೀರಿನ ಮಟ್ಟದಿಂದ 18 ಮೀಟರಿಗೂ ಮೇಲೇರುವುದು ಸಾಮಾನ್ಯ. ಅದನ್ನು ನಿಲ್ಲಿಸಲು ಕ್ರೇನು ಬೇಕು.

ಎತ್ತರದ ಕಂಬಕ್ಕೆ ಕ್ಯಾಟಮರಾನಿನಲ್ಲಿ ವಿಶೇಷವಾದ ತೊಡಕೊಂದಿದೆ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಬಲ ನಾಲ್ಕು ಪಟ್ಟಾಗುತ್ತದೆ. ಒಂಟಿ ಒಡಲಿನ ದೋಣಿ ಅಂತಹ ಹೊಡೆತಕ್ಕೆ ಓರೆಯಾಗಿ ಗಾಳಿಯನ್ನು ಹಾಯಿಯಿಂದ ಚೆಲ್ಲಿಬಿಡುತ್ತದೆ; ತಳದ ಭಾರ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ಕ್ಯಾಟಮರಾನ್ ಹಾಗೆ ಓರೆಯಾಗದು. ಹೊಡೆತವನ್ನು ಕಂಬ, ತಂತಿ, ತೊಲೆಗಳೇ ಹೊರಬೇಕು. ಮಿತಿ ಮೀರಿದರೆ ದೋಣಿ ಮಗುಚುತ್ತದೆ, ಮಗುಚಿದ ಮೇಲೆ ತಾನಾಗಿ ಏಳುವುದಿಲ್ಲ. ಆದುದರಿಂದ ಹಾಯಿಯ ಬಲವು ಎಷ್ಟು ತಗ್ಗಿನಲ್ಲಿ ಕೇಂದ್ರೀಕೃತವಾಗುವುದೋ ಅಷ್ಟು ಸುರಕ್ಷೆ.

ವಾರಮ್ ಮತ್ತು ಬೂನ್ ರೂಪಿಸಿದ 'ವಿಂಗ್ ಸೇಲ್' ಅಥವಾ ರೆಕ್ಕೆಹಾಯಿಯು ಇದೇ ತರ್ಕದ ಮೇಲೆ ನಿಂತಿದೆ. ಕಂಬ ಗಿಡ್ಡ. ಹಾಯಿಯ ಮೇಲ್ತುದಿಯಲ್ಲಿ ಒಂದು ಚಿಕ್ಕ ದಂಡವಿದ್ದು, ಅದು ತುದಿಯನ್ನು ಚೂಪಾಗಲು ಬಿಡದೆ ಅಗಲವಾಗಿ ಹಿಡಿಯುತ್ತದೆ. ಹಾಲೆಂಡಿನ ಹಳೆಯ ಸರಕು ದೋಣಿಗಳಲ್ಲಿ ಇಂತಹ ಗಿಡ್ಡ ದಂಡ ಬಳಕೆಯಲ್ಲಿತ್ತು. ಇದರಿಂದ ಕಂಬವನ್ನು ಎತ್ತರಿಸದೆಯೇ ಬೇಕಾದಷ್ಟು ಹಾಯಿಯ ವಿಸ್ತಾರ ದೊರೆಯುತ್ತದೆ. ಹಾಯಿಯ ಮುಂಭಾಗವನ್ನು ಅಂಗಿಯ ತೋಳಿನಂತೆ ಹೊಲಿದು ಕಂಬದ ಸುತ್ತ ತೊಡಿಸಲಾಗಿದೆ. ಸಾಧಾರಣ ಏರ್ಪಾಡಿನಲ್ಲಿ ಕಂಬಕ್ಕೆ ಬಡಿದ ಗಾಳಿ ಸುಳಿಯಾಗಿ ಹಾಯಿಯ ಮುಂಭಾಗದ ಕೆಲಸ ಕೆಡಿಸುತ್ತದೆ. ಇಲ್ಲಿ ಕಂಬವೂ ಹಾಯಿಯೂ ಕೂಡಿ ಹಕ್ಕಿಯ ರೆಕ್ಕೆಯಂತೆ ದುಂಡಗಿನ ಮುಂಚು ಪಡೆಯುವುದರಿಂದ ಗಾಳಿ ನಯವಾಗಿ ಹರಿಯುತ್ತದೆ. ಕೆಳಗಿನ ಅಡ್ಡದಂಡವನ್ನು ಕೈಬಿಡಲಾಗಿದೆ. ಹಾಯಿ ಅತ್ತಿತ್ತ ಹೊರಳುವಾಗ ತಲೆಗೆ ಬಡಿಯುವ ಅಪಾಯ ಅದರೊಂದಿಗೇ ಹೋಯಿತು.

ವೆಚ್ಚದ ದೃಷ್ಟಿಯಿಂದ ಈ ಪಟ್ಟಿಯನ್ನು ಮತ್ತೊಮ್ಮೆ ಓದಬೇಕು. ಹಳಿ ಇಲ್ಲ, ಅದರಲ್ಲಿ ಜಾರುವ ಬಿಲ್ಲೆಗಳಿಲ್ಲ, ಅಡ್ಡದಂಡವಿಲ್ಲ, ಅದನ್ನು ಕಂಬಕ್ಕೆ ಸೇರಿಸುವ ಕೀಲಿಲ್ಲ, ಕ್ರೇನಿನ ಬಾಡಿಗೆ ಇಲ್ಲ. ಕಂಬವನ್ನು ದೋಣಿಯವರೇ ಎತ್ತಿ ನಿಲ್ಲಿಸುತ್ತಾರೆ. ಇಳಿದದ್ದು ಖರ್ಚು ಮಾತ್ರವಲ್ಲ, ಕೆಡಬಹುದಾದ ಭಾಗಗಳ ಸಂಖ್ಯೆಯೂ ಇಳಿಯಿತು. ದಡದಿಂದ ಸಾವಿರ ಮೈಲಿ ದೂರದಲ್ಲಿರುವ ಗ್ರಾಹಕನಿಗೆ ಎರಡನೆಯದೇ ಹೆಚ್ಚಿನ ಲಾಭ.

ಲೆಕ್ಕದ ಇನ್ನೊಂದು ಬದಿ

ಈ ವಿನ್ಯಾಸವನ್ನು ಹೊಗಳುವಾಗ ಅದರ ಕೊರತೆಗಳನ್ನು ಮರೆಮಾಚುವುದು ನ್ಯಾಯವಲ್ಲ. ಗಾಳಿಗೆ ಎದುರಾಗಿ ಸಾಗುವಾಗ, ಆಳವಾದ ಹಲಗೆಗಳುಳ್ಳ ದೋಣಿಗಳಷ್ಟು ನೇರವಾಗಿ ಇದು ಏರಲಾರದು. ಒಡಲುಗಳು ಕಿರಿದಾದುದರಿಂದ ಒಳಗೆ ಮಲಗಲು ಇಕ್ಕಟ್ಟಾದ ಜಾಗವಷ್ಟೇ ಇದೆ, ಎದ್ದು ನಿಲ್ಲುವಂತಿಲ್ಲ. ಹೆಚ್ಚು ಸಾಮಾನು ಹೇರಿದರೆ ಹಗುರ ದೋಣಿಯ ಗುಣವೇ ಕೆಡುತ್ತದೆ. ಮರದ ದೋಣಿಗೆ ಬಣ್ಣ, ಅಂಟುಗಳ ಆರೈಕೆ ತಪ್ಪಿದರೆ ಮಳೆಯ ನೀರೇ ಅದನ್ನು ಕೊಳೆಸುತ್ತದೆ. ಫ್ರಾನ್ಸಿನ ಕಾರ್ಖಾನೆಗಳು ಅಚ್ಚಿನಲ್ಲಿ ಎರಕ ಹೊಯ್ದಂತೆ ಹೊರತರುವ ದೊಡ್ಡ ಫೈಬರ್‌ಗ್ಲಾಸ್ ಕ್ಯಾಟಮರಾನುಗಳಲ್ಲಿ ಅಡುಗೆಮನೆ, ಸ್ನಾನಗೃಹ, ವಿಶಾಲ ಹಜಾರಗಳಿರುತ್ತವೆ. ಪ್ರವಾಸಿಗರಿಗೆ ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಸಂಸ್ಥೆಗಳಿಗೆ ಬೇಕಾದುದು ಅಂತಹ ದೋಣಿ. ಆ ಮಾರುಕಟ್ಟೆಯಲ್ಲಿ ಟಿಕಿಗೆ ಸ್ಥಾನವಿಲ್ಲ.

ವಿನ್ಯಾಸಕಾರರು ಆ ಮಾರುಕಟ್ಟೆಯನ್ನು ಬಯಸಲೂ ಇಲ್ಲ. ಕಡಿಮೆ ಹಣವುಳ್ಳ, ಕೈಯಲ್ಲಿ ಕೆಲಸ ಬಲ್ಲ, ಕಡಲ ಮೇಲೆ ಹೋಗಲು ಹಂಬಲಿಸುವ ವ್ಯಕ್ತಿಯೇ ತಮ್ಮ ಗ್ರಾಹಕ ಎಂದು ಅವರು ಮೊದಲೇ ನಿಶ್ಚಯಿಸಿಕೊಂಡಿದ್ದರು. ಎಲ್ಲರನ್ನೂ ಮೆಚ್ಚಿಸಲು ಹೊರಟಿದ್ದರೆ ಕಂಬ ಎತ್ತರವಾಗುತ್ತಿತ್ತು, ಒಡಲು ಅಗಲವಾಗುತ್ತಿತ್ತು, ಹಗ್ಗದ ಜಾಗಕ್ಕೆ ಬೋಲ್ಟು ಬರುತ್ತಿತ್ತು. ಕೊನೆಗೆ ಆ ದೋಣಿ ದೊಡ್ಡ ಕಾರ್ಖಾನೆಯ ದೋಣಿಯ ಬಡ ನಕಲಾಗುತ್ತಿತ್ತು.

ದೋಣಿಯಲ್ಲ, ನಕ್ಷೆ

ವಾರಮ್ ಅವರ ಉದ್ಯಮದ ತಳಹದಿ ದೋಣಿಗಳ ಮಾರಾಟವಾಗಿರಲಿಲ್ಲ. ಅವರು ಮಾರಿದ್ದು ನಕ್ಷೆಗಳನ್ನು. 1960ರ ದಶಕದಿಂದ ಆರಂಭಿಸಿ ಹತ್ತು ಸಾವಿರಕ್ಕೂ ಹೆಚ್ಚು ನಕ್ಷೆಗಳು ಅವರ ಕಚೇರಿಯಿಂದ ಜಗತ್ತಿನ ನಾನಾ ಭಾಗಗಳಿಗೆ ಹೋದವು. 2021ರ ಡಿಸೆಂಬರಿನಲ್ಲಿ 93ನೆಯ ವಯಸ್ಸಿನಲ್ಲಿ ಅವರು ನಿಧನರಾದ ಬಳಿಕವೂ ಆ ನಕ್ಷೆಗಳ ಮಾರಾಟ ನಿಂತಿಲ್ಲ. ದಾಸ್ತಾನಿನ ಹೊರೆಯಿಲ್ಲ, ಕಾರ್ಖಾನೆಯ ಬಂಡವಾಳವಿಲ್ಲ, ಸಾಗಣೆಯ ಚಿಂತೆಯಿಲ್ಲ. ತಯಾರಿಕೆಯ ಶ್ರಮವನ್ನು ಗ್ರಾಹಕನೇ ವಹಿಸಿಕೊಳ್ಳುತ್ತಾನೆ.

ಇದರಲ್ಲೂ ಅಪಾಯವಿತ್ತು. ತಯಾರಕನೇ ಗ್ರಾಹಕನಾದಾಗ ಗುಣಮಟ್ಟದ ಮೇಲೆ ವಿನ್ಯಾಸಕಾರನಿಗೆ ಹಿಡಿತವಿರುವುದಿಲ್ಲ. ಅಗ್ಗದ ಪ್ಲೈವುಡ್ಡಿನಲ್ಲಿ ಅವಸರದಿಂದ ಕಟ್ಟಿದ ದೋಣಿಯೊಂದು ಬಂದರಿನಲ್ಲಿ ಕೊಳೆಯುತ್ತಾ ನಿಂತರೆ ಕೆಡುವುದು ನಕ್ಷೆ ಕೊಟ್ಟವನ ಹೆಸರು. ಇದಕ್ಕೆ ಉತ್ತರವಾಗಿ ಬಂದುದು ಹೊಲಿದು ಅಂಟಿಸುವ ಸರಳ ವಿಧಾನ ಮತ್ತು ಬೂನ್ ಅವರು ಹಂತಹಂತವಾಗಿ ಕೈಯಿಂದ ಬರೆದ ಸಚಿತ್ರ ನಕ್ಷೆಗಳು. ತಪ್ಪು ಮಾಡಲು ಎಡೆಯೇ ಕಡಿಮೆಯಾಗುವಂತೆ ವಿಧಾನವನ್ನು ಸರಳಗೊಳಿಸುವುದೂ ಗುಣಮಟ್ಟ ನಿಯಂತ್ರಣದ ಒಂದು ಬಗೆ.

ನಿಯಮಾವಳಿಗಳೂ ಈ ವ್ಯಾಪಾರದ ದಾರಿಯನ್ನು ರೂಪಿಸಿವೆ. ಯುರೋಪಿಯನ್ ಒಕ್ಕೂಟದಲ್ಲಿ ವಿಹಾರ ದೋಣಿಗಳಿಗೆ 1998ರಿಂದ ಸುರಕ್ಷತಾ ಮಾನದಂಡಗಳ ಪ್ರಮಾಣೀಕರಣ ಕಡ್ಡಾಯವಾಗಿದೆ. ಸ್ವಂತ ಬಳಕೆಗೆಂದು ಕಟ್ಟಿದ ದೋಣಿಗೆ, ಅದನ್ನು ಐದು ವರ್ಷಗಳವರೆಗೆ ಮಾರುಕಟ್ಟೆಗೆ ತರದಿದ್ದಲ್ಲಿ, ವಿನಾಯಿತಿ ಇದೆ. ಸಿದ್ಧ ದೋಣಿ ಮಾರುವವನು ಹೊರಬೇಕಾದ ಪ್ರಮಾಣೀಕರಣದ ವೆಚ್ಚ ಸ್ವತಃ ಕಟ್ಟಿಕೊಳ್ಳುವವನಿಗೆ ಹೀಗೆ ತಪ್ಪುತ್ತದೆ. ಆದರೆ ಅವಸರದಲ್ಲಿ ಮಾರಲು ಹೋದರೆ ಅದೇ ನಿಯಮ ಅಡ್ಡಿಯಾಗುತ್ತದೆ.

ಇಲ್ಲಿನ ಉದ್ದಿಮೆದಾರರಿಗೆ

ನಕ್ಷೆಯೇ ಸೊತ್ತು ಎಂದಾದರೆ ಅದರ ರಕ್ಷಣೆಯ ಪ್ರಶ್ನೆ ಏಳುತ್ತದೆ. ಭಾರತದಲ್ಲಿ ಅನೇಕ ಸಣ್ಣ ತಯಾರಕರು ತಮ್ಮ ನಕ್ಷೆಗೆ ಕೃತಿಸ್ವಾಮ್ಯವಿದೆ ಎಂಬ ನೆಮ್ಮದಿಯಲ್ಲಿರುತ್ತಾರೆ. ನೋಂದಣಿಗೆ ಅರ್ಹವಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಕೈಗಾರಿಕಾ ವಿಧಾನದಿಂದ ಐವತ್ತಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ ಅದರ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ ಎಂದು 1957ರ ಕೃತಿಸ್ವಾಮ್ಯ ಕಾಯಿದೆಯ 15ನೆಯ ಪ್ರಕರಣ ಹೇಳುತ್ತದೆ. 2000ದ ವಿನ್ಯಾಸ ಕಾಯಿದೆಯಡಿ ನೋಂದಾಯಿಸಿದರೆ ಹತ್ತು ವರ್ಷ, ನವೀಕರಿಸಿದರೆ ಮತ್ತೆ ಐದು ವರ್ಷಗಳ ರಕ್ಷಣೆ ದೊರೆಯುತ್ತದೆ. ಆದರೆ ಅದು ವಸ್ತುವಿನ ಹೊರರೂಪಕ್ಕೆ ಮಾತ್ರ. ಹಗ್ಗದ ಜೋಡಣೆಯಂತಹ ಕಾರ್ಯವಿಧಾನಕ್ಕೆ ರಕ್ಷಣೆ ಬೇಕಿದ್ದಲ್ಲಿ, ಅದು ಹೊಸದಾಗಿದ್ದರೆ, ಪೇಟೆಂಟಿನ ದಾರಿ ಹಿಡಿಯಬೇಕು. ಎಂಜಿನಿಯರಿಂಗ್ ನಕ್ಷೆಗಳ ಕುರಿತ ಪ್ರಕರಣವೊಂದರಲ್ಲಿ 2025ರ ಏಪ್ರಿಲ್ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಈ ಎರಡು ಕಾಯಿದೆಗಳ ಗಡಿಯನ್ನು ಗುರುತಿಸುವ ಪರೀಕ್ಷೆಯನ್ನು ವಿಧಿಸಿದೆ. ಸ್ವಂತ ವಿನ್ಯಾಸವುಳ್ಳ ಪ್ರತಿಯೊಬ್ಬ ತಯಾರಕನೂ ಐವತ್ತೊಂದನೆಯ ನಗ ಹೊರಬೀಳುವ ಮುನ್ನ, ಸಾಧ್ಯವಾದರೆ ಮೊದಲ ನಗವನ್ನು ಮಾರುಕಟ್ಟೆಗೆ ತೋರಿಸುವ ಮುನ್ನವೇ, ಈ ಬಗ್ಗೆ ತಜ್ಞರ ಸಲಹೆ ಪಡೆಯುವುದು ಹಿತ.

ಕಾನೂನಿಗಿಂತ ಮುಖ್ಯವಾದುದು ವಿನ್ಯಾಸದ ಶಿಸ್ತು. ಟಿಕಿಯ ನಕ್ಷೆಯಿಂದ ಸಣ್ಣ ಉದ್ದಿಮೆದಾರರು ಎತ್ತಿಕೊಳ್ಳಬೇಕಾದುದು ಹಗ್ಗವನ್ನಲ್ಲ, ಹಗ್ಗಕ್ಕೆ ದಾರಿ ಮಾಡಿದ ಪ್ರಶ್ನೆಗಳನ್ನು. ಈ ಭಾಗ ಏಕೆ ಇದೆ? ಇದನ್ನು ತೆಗೆದರೆ ಯಾವ ಕೆಲಸ ನಿಲ್ಲುತ್ತದೆ? ಆ ಕೆಲಸವನ್ನು ಈಗಾಗಲೇ ಇರುವ ಬೇರೊಂದು ಭಾಗ ಮಾಡಬಲ್ಲದೇ? ಇದು ಕೆಟ್ಟರೆ ಗ್ರಾಹಕ ತನ್ನ ಊರಿನಲ್ಲೇ ಸರಿಪಡಿಸಿಕೊಳ್ಳಬಲ್ಲನೇ? ಕೃಷಿ ಉಪಕರಣವಾಗಲಿ, ಹಿಟ್ಟಿನ ಗಿರಣಿಯಾಗಲಿ, ಪೀಠೋಪಕರಣವಾಗಲಿ, ಈ ನಾಲ್ಕು ಪ್ರಶ್ನೆಗಳಿಗೆ ಒಡ್ಡಿದಾಗ ಒಂದೆರಡು ಭಾಗಗಳಾದರೂ ಉತ್ತರಿಸಲಾರದೆ ನಿಲ್ಲುವುದು ಖಂಡಿತ. ಅವು ಬಹುಮಟ್ಟಿಗೆ ದೊಡ್ಡ ಸಂಸ್ಥೆಯ ಮಾದರಿಯಿಂದ ಯೋಚಿಸದೆ ಎತ್ತಿಕೊಂಡವು.

ಬಿಡಿಭಾಗಗಳನ್ನು ಮಾರಿಯೇ ಬದುಕುವ ವರ್ತಕರಿಗೆ ಇದು ಹಿತವೆನಿಸದಿರಬಹುದು. ಆದರೆ ದುರಸ್ತಿಗೆ ಒಳಪಡುವ ಉತ್ಪನ್ನ ಹೆಚ್ಚು ಕಾಲ ಬಳಕೆಯಲ್ಲಿರುತ್ತದೆ, ಬಳಕೆಯಲ್ಲಿರುವ ಉತ್ಪನ್ನವೇ ಹಗ್ಗ, ಅಂಟು, ಬಣ್ಣ, ಪ್ಲೈವುಡ್ಡುಗಳನ್ನು ಬೇಡುತ್ತದೆ. ಮೂಲೆಗೆ ಬಿದ್ದ ಯಂತ್ರಕ್ಕೆ ಯಾರೂ ಬಿಡಿಭಾಗ ಕೊಳ್ಳುವುದಿಲ್ಲ.

ಬೋಲ್ಟು ಬೇಕಾದ ಕಡೆ ಬೋಲ್ಟೇ ಇರಲಿ. ಎತ್ತರದ ಕಂಬ ಬೇಕಾದ ದೋಣಿಗೆ ಅದೇ ಇರಲಿ. ಆದರೆ ಅದು ಅಲ್ಲಿ ಏಕಿದೆ ಎಂದು ಕೇಳಿದಾಗ, ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂಬುದಕ್ಕಿಂತ ಬೇರೆಯಾದ ಉತ್ತರ ಕೊಡಬಲ್ಲವರು ಪ್ರತಿ ಕಾರ್ಖಾನೆಯಲ್ಲೂ ಒಬ್ಬರಾದರೂ ಇರಬೇಕು.